ಟವೆಲ್ ಕೆಳಗೆ ಬೆರಳೇ ಇಲ್ಲ

(ಹೊಸೂರಿನಲ್ಲಿ ಕಾಲೇಜು ಮುಗಿಸಿದ, ಮುಗಿಸುತ್ತಿರುವ ಗೆಳೆಯರ ಮುಂದೆ ಆಡಿದ ಮಾತು. ಬರೆದು ಕೊಡಿ ಅಂದರು, ಆಡಿದ ಹಾಗೇ ಬರೆದಿದ್ದೇನೆ.)



ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ನಾನು ಐಟಿಯವನಲ್ಲ. ಬಿಕಾಂ ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆದವನು. ದುಡ್ಡು ಎಣಿಸೋದು, ಪಾಸ್‌ಬುಕ್ ಎಂಟ್ರಿ ಹಾಕೋದು, "ಸರ್ವರ್ ಇಲ್ಲ, ಸ್ವಲ್ಪ ಕೂತ್ಕೊಳ್ಳಿ" ಅನ್ನೋದು ನನ್ನ ಕೆಲಸ. ಟೆಕ್ ಕಂಪನಿಗಳು ಆಡೋ ಮಾತಿನ ಬಗ್ಗೆ ಇವನೇನು ಹೇಳ್ತಾನೆ ಅಂತ ನಿಮಗೆ ಅನ್ನಿಸಬಹುದು. ನಾನೂ ಇದನ್ನ ತಮಾಷೆ ಅಂತಲೇ ಬಿಟ್ಟಿದ್ದೆ. ನಮ್ಮ ಚಿಕ್ಕಮ್ಮನ ಮಗ ಒಂದು ದಿನ ಸಂಜೆ ಮನೆಗೆ ಬಂದು ಮುಖ ಇಳಿಸಿಕೊಂಡು ಕೂತಮೇಲೆ ಇದು ತಮಾಷೆ ಮಾತ್ರ ಅಲ್ಲ ಅಂತ ಗೊತ್ತಾಯ್ತು.

ಡೆಂಕಣಿಕೋಟೆ ಕಡೆ ಹುಡುಗ, ಬಿಸಿಎ ಮಾಡಿದ್ದಾನೆ. ಬೆಳಗ್ಗೆ ಬೇಗ ಎದ್ದು, ಬಸ್ ಹಿಡಿದು, ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಇಂಟರ್‌ವ್ಯೂಗೆ ಹೋಗಿದ್ದ. ಪ್ರೋಗ್ರಾಂ ಬರೆಯೋಕೆ ಕೊಟ್ಟರಂತೆ, ಬರೆದ. ಡೇಟಾಬೇಸ್ ಬಗ್ಗೆ ಕೇಳಿದರಂತೆ, ಹೇಳಿದ. ಕೊನೆಗೆ ಎಚ್‌ಆರ್‌ನವರು ಒಂದು ಪ್ರಶ್ನೆ ಕೇಳಿದರಂತೆ. ಅದನ್ನ ಹೊರಗೆ ಬಂದ ತಕ್ಷಣ ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡು ಬಂದಿದ್ದ. ನನಗೆ ತೋರಿಸಿದ. "ನಮ್ಮ ಇಕೋಸಿಸ್ಟಮ್‌ನಲ್ಲಿ ಸಿನರ್ಜಿ ಕ್ರಿಯೇಟ್ ಮಾಡೋಕೆ ನಿಮ್ಮ ಲರ್ನಿಂಗ್ಸನ್ನ ಹೇಗೆ ಲೆವರೇಜ್ ಮಾಡ್ತೀರಿ?"

ಇವನು ತಲೆ ತಗ್ಗಿಸಿ ಕೂತನಂತೆ. "ಥ್ಯಾಂಕ್ಯೂ, ವಿ ವಿಲ್ ಗೆಟ್ ಬ್ಯಾಕ್ ಟು ಯೂ" ಅಂದರಂತೆ. ಇವತ್ತಿನವರೆಗೂ ಗೆಟ್ ಬ್ಯಾಕ್ ಆಗಿಲ್ಲ.

ಅವನು ನನಗೆ ಹೇಳಿದ್ದು ಒಂದೇ ಮಾತು: "ಅಣ್ಣ, ನನಗೆ ಭಾಷೆ ಬರಲ್ಲ."

ನಾನು ಲೆಕ್ಕ ಹಾಕಿದೆ. ಈ ಹುಡುಗ ಮನೆಯಲ್ಲಿ ಕನ್ನಡ ಆಡ್ತಾನೆ. ಸ್ಕೂಲ್ ಓದಿದ್ದು ತಮಿಳಲ್ಲಿ. ಪಕ್ಕದ ಮನೆಯವರ ಜೊತೆ ತೆಲುಗು. ಕಾಲೇಜಿನಲ್ಲಿ ಪರೀಕ್ಷೆ ಬರೆದದ್ದು ಇಂಗ್ಲಿಷಲ್ಲಿ, ಅದೂ ಫಸ್ಟ್ ಕ್ಲಾಸ್. ನಾಲ್ಕು ಭಾಷೆ ಗೊತ್ತಿರೋ ಹುಡುಗ "ನನಗೆ ಭಾಷೆ ಬರಲ್ಲ" ಅಂತ ಅಳೋ ಮುಖ ಮಾಡಿದ್ದಾನೆ. ಆ ಪ್ರಶ್ನೆ ಕೇಳಿದವರಿಗೆ ಎಷ್ಟು ಭಾಷೆ ಬರುತ್ತೋ ನನಗೆ ಗೊತ್ತಿಲ್ಲ. ಆದರೆ ಅವರು ಆಡಿದ್ದು ಯಾವ ಭಾಷೆಯೂ ಅಲ್ಲ ಅನ್ನೋದು ಮಾತ್ರ ಖಂಡಿತ.

ಲೆವರೇಜ್ ಅಂದ್ರೆ ನಮ್ಮ ಬಿಕಾಂ ಪುಸ್ತಕದಲ್ಲಿ ಸಾಲದ ದುಡ್ಡು ಹಾಕಿ ವ್ಯವಹಾರ ದೊಡ್ಡದು ಮಾಡೋದು. ಹಾಗಾದ್ರೆ ಕಲಿತದ್ದನ್ನ ಲೆವರೇಜ್ ಮಾಡೋದು ಅಂದ್ರೇನು? ಮಾರ್ಕ್ಸ್ ಕಾರ್ಡನ್ನ ಅಡ ಇಟ್ಟು ಸಾಲ ತಗೊಳ್ಳೋದಾ? ನಮ್ಮ ಬ್ರ್ಯಾಂಚ್‌ನಲ್ಲಂತೂ ಕೊಡಲ್ಲಪ್ಪ, ಒಡವೆ ತನ್ನಿ ಅಂತೀವಿ. ಆ ಇಡೀ ಪ್ರಶ್ನೆಯನ್ನ ಕನ್ನಡದಲ್ಲಿ ಹೇಳಿದರೆ ಇಷ್ಟೇ: "ನಮ್ಮ ಜನರ ಜೊತೆ ಸೇರಿ ನೀವು ಏನು ಕೆಲಸ ಮಾಡಬಲ್ಲಿರಿ?" ಹೀಗೆ ಕೇಳಿದ್ದರೆ ನಮ್ಮ ಹುಡುಗ ಅರ್ಧ ಗಂಟೆ ಉತ್ತರ ಹೇಳ್ತಿದ್ದ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಹೊರಗಿಂದ ಬಂದ ಪದ ಅಂತ ನನಗೆ ಕೋಪ ಇಲ್ಲ. ಬ್ಯಾಂಕ್, ಚೆಕ್ಕು, ಬಸ್ಸು ಎಲ್ಲ ಹೊರಗಿಂದಲೇ ಬಂದವು. ನಾವು ದಿನಾ ಹೇಳೋ "ಪುರುಸೊತ್ತು" ಕೂಡ ಪರ್ಷಿಯನ್‌ನಿಂದ ಬಂದದ್ದು. ಕೆಲಸಕ್ಕೆ ಬೇಕಾದ ಪದದ ಮೇಲೂ ಕೋಪ ಇಲ್ಲ. ಪ್ರತಿ ಕಸುಬಿಗೂ ಅದರದ್ದೇ ಮಾತು ಇರುತ್ತೆ. ಹೂವಿನವರು "ಎರಡು ಮಾರು" ಅಂದ್ರೆ ಎಷ್ಟು ಉದ್ದ ಅಂತ ಕೈ ಚಾಚಿ ತೋರಿಸ್ತಾರೆ. ಬ್ಯಾಂಕಿನಲ್ಲಿ ಎನ್‌ಪಿಎ ಅಂದ್ರೆ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಂತೋ ಬಡ್ಡಿಯೋ ಬಾಕಿ ಬಿದ್ದ ಸಾಲ. ಒಂದೇ ಪದದಲ್ಲಿ ಇಷ್ಟು ವಿಷಯ ಮುಗಿಯುತ್ತೆ. ಸಾಫ್ಟ್‌ವೇರ್‌ನವರು "ಬಗ್" ಅಂದ್ರೂ, "ಬ್ಯಾಕಪ್" ಅಂದ್ರೂ ಅದಕ್ಕೆ ಅರ್ಥ ಇದೆ.

ಸ್ಟ್ಯಾಂಡ್-ಅಪ್ ಮೀಟಿಂಗ್ ಅಂತ ಇದೆ ನೋಡಿ. ಅದು ಹುಟ್ಟಿದ್ದು ಒಳ್ಳೇ ಉದ್ದೇಶಕ್ಕೆ. ನಿಂತುಕೊಂಡು ಮಾತಾಡಿದ್ರೆ ಕಾಲು ನೋಯುತ್ತೆ, ಮಾತು ಬೇಗ ಮುಗಿಯುತ್ತೆ. 15 ನಿಮಿಷ ಸಾಕು ಅಂತ ಲೆಕ್ಕ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಪ್ರೋಗ್ರಾಮರ್‌ಗಳು ಸೇರಿ "ಅಜೈಲ್" ಅನ್ನೋ ಪದ ಆರಿಸಿಕೊಂಡಾಗ ಅವರು ಹೇಳಿದ್ದೂ ಪುಟ್ಟ ಮಾತು. ಕಾಗದ ಕಡಿಮೆ ಮಾಡಿ, ಕೆಲಸ ಮಾಡೋ ಸಾಫ್ಟ್‌ವೇರ್ ಕೊಡಿ, ಗಿರಾಕಿ ಜೊತೆ ಮಾತಾಡಿ, ಬದಲಾವಣೆಗೆ ಹೆದರಬೇಡಿ. ಇವತ್ತು ಅದೇ ಅಜೈಲ್ ಹೆಸರಲ್ಲಿ ಎರಡು ದಿನದ ಟ್ರೈನಿಂಗ್, ಸರ್ಟಿಫಿಕೇಟ್, ಅದಕ್ಕೆ ಫೀಸು. ಒಂದು ಗಂಟೆ ಕುರ್ಚಿಯಲ್ಲಿ ಕೂತು ಮಾಡೋ "ಸ್ಟ್ಯಾಂಡ್-ಅಪ್" ಬೇರೆ.

ಘಾಟಿ ಸುಬ್ರಹ್ಮಣ್ಯದಂಥ ದನದ ಜಾತ್ರೆ ನೋಡಿದವರಿಗೆ ಇದು ಗೊತ್ತಿರುತ್ತೆ. ಕೊಳ್ಳೋನು, ಮಾರೋನು, ನಡುವೆ ದಲ್ಲಾಳಿ. ಕೈ ಮೇಲೆ ಟವೆಲ್ ಹಾಕಿಕೊಂಡು, ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾರೆ. ಪಕ್ಕದಲ್ಲಿ ನಿಂತವನಿಗೆ ಏನೂ ಗೊತ್ತಾಗಲ್ಲ. ಅದೂ ಒಂದು ಗುಟ್ಟಿನ ಭಾಷೆಯೇ. ಆದರೆ ಟವೆಲ್ ತೆಗೆದರೆ ಅಲ್ಲಿ ಬೆರಳು ಇರುತ್ತೆ, ಬೆರಳಲ್ಲಿ ಒಂದು ಸಂಖ್ಯೆ ಇರುತ್ತೆ, ಸಂಖ್ಯೆಗೆ ಒಂದು ಜೊತೆ ಎತ್ತು ಬರುತ್ತೆ. ನಾನು ಇವತ್ತು ಹೇಳ್ತಿರೋ ಕಂಪನಿ ಮಾತಿನಲ್ಲಿ ಟವೆಲ್ ಮಾತ್ರ ಇದೆ. ತೆಗೆದು ನೋಡಿದರೆ ಕೆಳಗೆ ಬೆರಳೇ ಇಲ್ಲ.

ಇದು ಹೊಸ ರೋಗವೂ ಅಲ್ಲ. 1968ರಲ್ಲೇ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆಯಲ್ಲಿ ಫಿಲಿಪ್ ಬ್ರೌಟನ್ ಅನ್ನೋ ಅಧಿಕಾರಿ ಒಂದು ಆಟ ಮಾಡಿದ. ಮೂರು ಸಾಲು, ಸಾಲಿಗೆ ಹತ್ತು ಪದ, ಪ್ರತಿ ಪದಕ್ಕೂ ಸೊನ್ನೆಯಿಂದ ಒಂಬತ್ತರವರೆಗೆ ಒಂದು ನಂಬರ್. ಮನಸ್ಸಿಗೆ ಬಂದ ಮೂರಂಕಿ ಹೇಳಿ, ಮೂರು ಪದ ಜೋಡಿಸಿ, ವರದಿಯಲ್ಲಿ ಎಲ್ಲಿ ಬೇಕಾದರೂ ಹಾಕಿ. ಯಾರೂ ಅರ್ಥ ಕೇಳಲ್ಲ, ಯಾಕಂದ್ರೆ ಕೇಳಿದವನೇ ದಡ್ಡ ಅಂತ ಆಗುತ್ತೆ. ನ್ಯೂಸ್‌ವೀಕ್ ಪತ್ರಿಕೆ ಅದನ್ನ ಅಚ್ಚು ಹಾಕಿ ದೊಡ್ಡ ಸುದ್ದಿ ಮಾಡ್ತು.

ನಾನೂ ಇವತ್ತಿನ ಪದ ಹಾಕಿ ಒಂದು ಪಟ್ಟಿ ಮಾಡಿದ್ದೀನಿ. ನಿಮ್ಮ ಮೊಬೈಲ್ ನಂಬರಿನ ಕೊನೇ ಮೂರಂಕಿ ತಗೊಳ್ಳಿ.

ಮೊದಲನೇ ಅಂಕಿಗೆ: 0 ಇಂಟಿಗ್ರೇಟೆಡ್, 1 ಡೇಟಾ-ಡ್ರಿವನ್, 2 ಎಐ-ಪವರ್ಡ್, 3 ಸೀಮ್‌ಲೆಸ್, 4 ಸ್ಕೇಲಬಲ್, 5 ಹೋಲಿಸ್ಟಿಕ್, 6 ನೆಕ್ಸ್ಟ್-ಜೆನ್, 7 ಕಸ್ಟಮರ್-ಸೆಂಟ್ರಿಕ್, 8 ಡಿಸ್ರಪ್ಟಿವ್, 9 ಅಜೈಲ್.

ಎರಡನೇ ಅಂಕಿಗೆ: 0 ಡಿಜಿಟಲ್, 1 ಕ್ಲೌಡ್, 2 ಬ್ಲಾಕ್‌ಚೈನ್, 3 ಇನ್ನೋವೇಷನ್, 4 ನಾಲೆಡ್ಜ್, 5 ವ್ಯಾಲ್ಯೂ, 6 ಪ್ಲಾಟ್‌ಫಾರ್ಮ್, 7 ಗ್ರೋತ್, 8 ಟ್ಯಾಲೆಂಟ್, 9 ಪ್ರೋಸೆಸ್.

ಮೂರನೇ ಅಂಕಿಗೆ: 0 ಇಕೋಸಿಸ್ಟಮ್, 1 ಸಿನರ್ಜಿ, 2 ಸಲ್ಯೂಷನ್, 3 ಫ್ರೇಮ್‌ವರ್ಕ್, 4 ಜರ್ನಿ, 5 ರೋಡ್‌ಮ್ಯಾಪ್, 6 ಟ್ರಾನ್ಸ್‌ಫರ್ಮೇಷನ್, 7 ಅಲೈನ್‌ಮೆಂಟ್, 8 ಪ್ಯಾರಡೈಮ್, 9 ಎನೇಬಲ್‌ಮೆಂಟ್.

417 ಬಂತಾ? "ಸ್ಕೇಲಬಲ್ ಕ್ಲೌಡ್ ಅಲೈನ್‌ಮೆಂಟ್". 284? "ಎಐ-ಪವರ್ಡ್ ಟ್ಯಾಲೆಂಟ್ ಜರ್ನಿ". ಈ ಮೂವತ್ತು ಪದದಲ್ಲಿ ಸಾವಿರ ಜೋಡಿ ಬರುತ್ತೆ. ಸಾವಿರ ಸ್ಟಾರ್ಟಪ್ ಶುರು ಮಾಡಬಹುದು. ನಗ್ತಿದ್ದೀರಿ, ಆದರೆ ನಿಮ್ಮಲ್ಲಿ ಇಬ್ಬರ ಮೂವರ ಮುಖದಲ್ಲಿ "ಇದು ನಮ್ಮ ಆಫೀಸಿನ ಬೋರ್ಡ್ ಮೇಲೇ ಇದೆಯಲ್ಲ" ಅನ್ನೋದು ಕಾಣ್ತಿದೆ.

ಆಮೇಲೆ ಕಂಪ್ಯೂಟರ್ ಕಂಪನಿಯವರೇ ತಮ್ಮನ್ನ ತಾವು ಗೇಲಿ ಮಾಡಿಕೊಳ್ಳೋಕೆ ಶುರು ಮಾಡಿದರು. 1993ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಟಾಮ್ ಡೇವಿಸ್ ಅನ್ನೋರು ಬಝ್‌ವರ್ಡ್ ಬಿಂಗೋ ಅಂತ ಒಂದು ಆಟ ಮಾಡಿದರು. ನಮ್ಮ ಹೌಸಿ ಆಟದ ಹಾಗೆ. ಚೀಟಿಯಲ್ಲಿ ನಂಬರ್ ಬದಲು "ಸಿನರ್ಜಿ", "ಪ್ಯಾರಡೈಮ್" ಇಂಥ ಪದಗಳು. ಸಾಹೇಬರು ಮೀಟಿಂಗ್‌ನಲ್ಲಿ ಒಂದೊಂದು ಪದ ಹೇಳಿದ ಹಾಗೆ ಟಿಕ್ ಮಾಡೋದು, ಸಾಲು ತುಂಬಿದವನು ಗೆದ್ದ ಹಾಗೆ. ಮರುವರ್ಷ ಡಿಲ್ಬರ್ಟ್ ಕಾರ್ಟೂನ್‌ನಲ್ಲಿ ಬಂದು ಜಗತ್ತಿಗೆಲ್ಲ ಹಬ್ಬಿತು. 1996ರಲ್ಲಿ ಆಗಿನ ಅಮೆರಿಕದ ಉಪಾಧ್ಯಕ್ಷ ಅಲ್ ಗೋರ್ ಎಂಐಟಿಯಲ್ಲಿ ಪದವಿ ಪ್ರದಾನದ ಭಾಷಣಕ್ಕೆ ಹೋದಾಗ, ವಿದ್ಯಾರ್ಥಿಗಳು ಇದೇ ಚೀಟಿ ಹಂಚಿಕೊಂಡು ಕೂತಿದ್ದರು.

ಇಲ್ಲಿವರೆಗೂ ನಗು. ಇನ್ನು ಸ್ವಲ್ಪ ದುಡ್ಡಿನ ವಿಷಯಕ್ಕೆ ಬರ್ತೀನಿ, ನಾನು ಕಾಮರ್ಸ್‌ನವನು ನೋಡಿ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲಾಂಗ್ ಐಲ್ಯಾಂಡ್ ಐಸ್‌ಡ್ ಟೀ ಅಂತ ಒಂದು ಕಂಪನಿ ಇತ್ತು. ತಂಪು ಚಹಾ, ನಿಂಬೆ ಪಾನಕ ಮಾರೋರು. ವ್ಯಾಪಾರ ನಷ್ಟದಲ್ಲಿತ್ತು. 2017ರ ಡಿಸೆಂಬರ್‌ನಲ್ಲಿ "ನಮ್ಮ ಹೆಸರು ಇನ್ಮೇಲೆ ಲಾಂಗ್ ಬ್ಲಾಕ್‌ಚೈನ್" ಅಂತ ಹೇಳಿದರು. ಆಗ ಬಿಟ್‌ಕಾಯಿನ್ ಹುಚ್ಚು ತುತ್ತತುದಿಯಲ್ಲಿತ್ತು. ಅವರ ಹತ್ತಿರ ಬ್ಲಾಕ್‌ಚೈನ್ ಏನೂ ಇರಲಿಲ್ಲ, ಚಹಾನೇ ಇದ್ದದ್ದು. ಷೇರು ಬೆಲೆ ಒಂದೇ ದಿನದಲ್ಲಿ ಸುಮಾರು ಮೂರು ಪಟ್ಟಾಯ್ತು. ಒಂದು ಪದಕ್ಕೆ! ಮರುವರ್ಷ ನಾಸ್ಡಾಕ್ ಪಟ್ಟಿಯಿಂದ ತೆಗೆದುಹಾಕಿದರು. 2021ರಲ್ಲಿ ಅಲ್ಲಿನ ಷೇರು ನಿಯಂತ್ರಕರು ಕಂಪನಿಯ ಷೇರು ನೋಂದಣಿಯನ್ನೇ ರದ್ದು ಮಾಡಿದರು. ಮೇಲಿನ ಬೆಲೆಗೆ ಕೊಂಡವರ ದುಡ್ಡು ಐಸ್ ಕರಗಿದ ಹಾಗೆ ಕರಗಿತು.

ಇದಕ್ಕೂ ಮೊದಲು ಡಾಟ್‌ಕಾಮ್ ಕಾಲದಲ್ಲಿ ಇದೇ ನಡೆದಿತ್ತು. ಹೆಸರಿಗೆ "ಡಾಟ್‌ಕಾಮ್" ಸೇರಿಸಿದ ಕಂಪನಿಗಳನ್ನ ಮೂವರು ಹಣಕಾಸು ವಿದ್ವಾಂಸರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಹೆಸರು ಬದಲಾವಣೆ ಘೋಷಿಸಿದ ಆಸುಪಾಸಿನ ಹತ್ತು ದಿನದಲ್ಲಿ ಆ ಷೇರುಗಳು ಮಾರುಕಟ್ಟೆಗಿಂತ ಸರಾಸರಿ ಶೇ. 74ರಷ್ಟು ಹೆಚ್ಚು ಏರಿದ್ದವು. ತಮಾಷೆ ಏನಂದ್ರೆ, ಕಂಪನಿಗೆ ಇಂಟರ್ನೆಟ್ ವ್ಯವಹಾರ ಇದೆಯಾ ಇಲ್ಲವಾ ಅನ್ನೋದರಿಂದ ಫಲಿತಾಂಶದಲ್ಲಿ ವ್ಯತ್ಯಾಸವೇ ಆಗಿರಲಿಲ್ಲ. ನಮ್ಮಲ್ಲೂ ಈ ಚಾಳಿ ಇದ್ದದ್ದಕ್ಕೇ ಸೆಬಿ ನಿಯಮ ಮಾಡಿದೆ. ಷೇರುಪೇಟೆಯಲ್ಲಿರೋ ಕಂಪನಿ ಹೊಸ ವ್ಯವಹಾರ ಸೂಚಿಸೋ ಹೆಸರು ಇಟ್ಟುಕೊಳ್ಳಬೇಕಾದ್ರೆ, ಹಿಂದಿನ ಒಂದು ವರ್ಷದ ವರಮಾನದಲ್ಲಿ ಕನಿಷ್ಠ ಅರ್ಧ ಆ ವ್ಯವಹಾರದಿಂದ ಬಂದಿರಬೇಕು, ಇಲ್ಲವೇ ಆಸ್ತಿಯ ಅರ್ಧದಷ್ಟು ಅದರಲ್ಲಿ ಹೂಡಿರಬೇಕು. ಅಂದ್ರೆ ಸೆಬಿ ಕೇಳೋದು ಒಂದೇ: ಟವೆಲ್ ತೆಗಿ, ಬೆರಳು ತೋರಿಸು.

ಇನ್ನೊಂದು ಕತೆ ವಿವರ್ಕ್‌ದು. 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಕಂಪನಿ. ಮಾಡ್ತಿದ್ದದ್ದೇನು? ದೊಡ್ಡ ಕಟ್ಟಡ ವರ್ಷಗಟ್ಟಲೆ ಬಾಡಿಗೆಗೆ ಹಿಡಿದು, ಚೆಂದ ಮಾಡಿ, ಮೇಜು ಕುರ್ಚಿ ಹಾಕಿ, ತುಂಡು ತುಂಡಾಗಿ ಮರುಬಾಡಿಗೆಗೆ ಕೊಡೋದು. ನಮ್ಮ ಹೊಸೂರಲ್ಲಿ ಒಂದು ಮನೆ ಲೀಸ್‌ಗೆ ಹಿಡಿದು ಪಿಜಿ ನಡೆಸೋರು ಮಾಡೋ ಕೆಲಸ. ಮರ್ಯಾದೆಯ ಕೆಲಸವೇ. ಆದರೆ ಅವರು ತಮ್ಮನ್ನ ಟೆಕ್ ಕಂಪನಿ ಅನ್ನೋ ಹಾಗೆ ತೋರಿಸಿಕೊಂಡರು. 2019ರಲ್ಲಿ ಷೇರು ಮಾರಾಟಕ್ಕೆ ಕೊಟ್ಟ ದಾಖಲೆಯಲ್ಲಿ ತಮ್ಮ ಧ್ಯೇಯ ಏನಂತ ಬರೆದರು ಗೊತ್ತಾ? ಜಗತ್ತಿನ ಪ್ರಜ್ಞೆಯನ್ನ ಮೇಲೆತ್ತೋದು! ಪಿಜಿ ಓನರ್ ಒಬ್ಬ ಬಾಗಿಲಲ್ಲಿ ನಿಂತು "ನಾನು ಬಾಡಿಗೆ ವಸೂಲಿಗೆ ಬಂದಿಲ್ಲ, ನಿಮ್ಮ ಪ್ರಜ್ಞೆ ಎತ್ತೋಕೆ ಬಂದಿದ್ದೀನಿ" ಅಂದರೆ ನೀವು ಏನಂತೀರಿ?

ಅದಾದರೂ ಇರಲಿ, ಲೆಕ್ಕ ನೋಡಿ. 2018ರಲ್ಲಿ ಅವರು ಬಾಂಡ್ ಮೂಲಕ ಸಾಲ ಎತ್ತಿದರು. 2017ರ ಅವರ ನಿವ್ವಳ ನಷ್ಟ 93.3 ಕೋಟಿ ಡಾಲರ್. ಆದರೆ ಸಾಲ ಕೊಡೋರಿಗೆ ತೋರಿಸಿದ ಒಂದು ಹೊಸ ಲೆಕ್ಕದಲ್ಲಿ 23.3 ಕೋಟಿ ಡಾಲರ್ ಲಾಭ! ಆ ಲೆಕ್ಕದ ಹೆಸರು "ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್‌ಡಾ". ಎಬಿಟ್‌ಡಾ ಅಂದ್ರೆ ಬಡ್ಡಿ, ತೆರಿಗೆ, ಸವಕಳಿ ಕಳೆಯೋ ಮೊದಲಿನ ಗಳಿಕೆ. ಅದು ಕಾಮರ್ಸ್‌ನಲ್ಲಿ ಇರೋ ಪದ, ಅದಕ್ಕೆ ಉಪಯೋಗ ಇದೆ. ಇವರು ಅದರ ಹಿಂದೆ "ಕಮ್ಯುನಿಟಿ ಅಡ್ಜಸ್ಟೆಡ್" ಅಂತ ಸೇರಿಸಿ, ಜಾಹೀರಾತಿನ ಖರ್ಚು, ಆಡಳಿತದ ಖರ್ಚು, ವಿನ್ಯಾಸದ ಖರ್ಚು ಎಲ್ಲ ಪಕ್ಕಕ್ಕಿಟ್ಟರು.

ಅರ್ಥ ಆಗಲಿಲ್ಲ ಅಂದ್ರೆ ಹೂವಿನ ಮಾರ್ಕೆಟ್‌ಗೆ ಬನ್ನಿ. ಒಬ್ಬಾಕೆ ದಿನಕ್ಕೆ ಸಾವಿರ ರೂಪಾಯಿ ಹೂವು ಮಾರ್ತಾರೆ, ಎಲ್ಲ ಖರ್ಚು ಸೇರಿ ಸಾವಿರದ ಮುನ್ನೂರು. ಮುನ್ನೂರು ನಷ್ಟ. ನಮ್ಮ ಬ್ಯಾಂಕಿಗೆ ಸಾಲ ಕೇಳೋಕೆ ಬಂದು, "ಅಪ್ಪಾ, ಆಟೋ ಬಾಡಿಗೆ, ಅಂಗಡಿ ಸುಂಕ, ಕೂಲಿ, ಸಾಲದ ಬಡ್ಡಿ ಇವನ್ನೆಲ್ಲ ಎಣಿಸಬೇಡ, ಆಗ ದಿನಕ್ಕೆ ಇನ್ನೂರು ಲಾಭ ನೋಡು, ಇದಕ್ಕೆ ಮಲ್ಲಿಗೆ ಹೊಂದಾಣಿಕೆ ಲಾಭ ಅಂತಾರೆ" ಅಂದರೆ ಮ್ಯಾನೇಜರ್ ಏನು ಮಾಡ್ತಾರೆ? ಟೀ ಕುಡಿಸಿ ಕಳಿಸ್ತಾರೆ. ನ್ಯೂಯಾರ್ಕ್‌ನಲ್ಲಿ ಬಾಂಡ್ ಕೊಂಡರು. 2019ರ ಜನವರಿಯಲ್ಲಿ ಕಂಪನಿಗೆ ಕಟ್ಟಿದ ಬೆಲೆ 4,700 ಕೋಟಿ ಡಾಲರ್. ಅದೇ ಸೆಪ್ಟೆಂಬರ್‌ನಲ್ಲಿ ಷೇರು ಮಾರಾಟ ವಾಪಸ್ ತಗೊಂಡರು. 2023ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು. ಹೂವಿನಾಕೆಗೆ ಟೀ ಕುಡಿಸಿ ಕಳಿಸಿದ ನಮ್ಮ ಮ್ಯಾನೇಜರ್ ಅವರಿಗಿಂತ ಬುದ್ಧಿವಂತ ಅನ್ನೋದು ನನ್ನ ಅಭಿಪ್ರಾಯ. ಇದನ್ನ ಅವರ ಮುಂದೆ ಹೇಳಬೇಡಿ.

ಮೂರನೇದು ನಗೋ ವಿಷಯ ಅಲ್ಲ. 2014ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಕಂಪನಿ, ತಾನು ಕೊಂಡುಕೊಂಡಿದ್ದ ನೋಕಿಯಾ ಫೋನ್ ವಿಭಾಗದ ಜನರಿಗೆ ಒಂದು ಪತ್ರ ಕಳಿಸಿತು. ಬರೆದವರು ಸ್ಟೀಫನ್ ಎಲೋಪ್ ಅನ್ನೋ ಹಿರಿಯ ಅಧಿಕಾರಿ. ಶುರುವಾಗೋದು "ಹಲೋ ದೇರ್" ಅಂತ. ಏನಪ್ಪ, ಹಳೇ ಗೆಳೆಯ ಮದುವೆಗೆ ಕರೀತಿದ್ದಾನಾ ಅನ್ನಬೇಕು. ಆಮೇಲೆ ಸ್ಟ್ರ್ಯಾಟಜಿ, ಅಲೈನ್‌ಮೆಂಟ್, ಎಕ್ಸ್‌ಪೀರಿಯೆನ್ಸ್ ಅಂತ ಪ್ಯಾರಾ ಮೇಲೆ ಪ್ಯಾರಾ. ಅರ್ಧಕ್ಕಿಂತ ಹೆಚ್ಚು ಓದಿದ ಮೇಲೆ ಒಂದು ಕಡೆ ಬರುತ್ತೆ: ಸುಮಾರು 12,500 ಜನರ ಕೆಲಸ ಹೋಗುತ್ತೆ. ಒಂದು ಮನೆಯ ಊಟದ ವಿಷಯವನ್ನ ಹೊಟ್ಟು ತುಂಬಿದ ಮೂಟೆಯೊಳಗೆ ಕಾಳಿನ ಹಾಗೆ ಹೂತಿಟ್ಟಿದ್ದರು. ಆ ಪತ್ರ ಓದಿ ಜಗತ್ತೇ ಗೇಲಿ ಮಾಡ್ತು. ಆದರೆ ಅದನ್ನ ಓದಿಕೊಂಡು ಮನೆಗೆ ಹೋದವರು ನಗಲಿಲ್ಲ.

ನಮ್ಮ ಕಡೆಯೂ "ಕೆಲಸದಿಂದ ತೆಗೆದರು" ಅಂತ ಯಾರೂ ಹೇಳಲ್ಲ. "ರೈಟ್‌ಸೈಜಿಂಗ್" ಅಂತಾರೆ. ಮನುಷ್ಯರಿಗೆ "ರಿಸೋರ್ಸ್" ಅಂತಾರೆ. "ಆ ಪ್ರಾಜೆಕ್ಟ್‌ಗೆ ಎರಡು ರಿಸೋರ್ಸ್ ಬೇಕು", "ಈ ರಿಸೋರ್ಸ್ ಬೆಂಚ್ ಮೇಲಿದೆ". ಇದೆಯಂತೆ, ಇದ್ದಾನೆ ಅಲ್ಲ, ಇದ್ದಾಳೆ ಅಲ್ಲ. ಮರಳು, ಜಲ್ಲಿ, ಸಿಮೆಂಟು, ರಿಸೋರ್ಸು. ಹೀಗೆ ಕರೆದರೆ ತೆಗೆದುಹಾಕೋವಾಗ ಮನಸ್ಸಿಗೆ ಅಷ್ಟು ಕಷ್ಟ ಆಗಲ್ಲ ನೋಡಿ. ಅದಕ್ಕೇ ಆ ಪದ.

ಇಷ್ಟೊತ್ತು ಬೇರೆಯವರನ್ನ ಬೈದೆ. ಈಗ ನಮ್ಮ ಮನೆ ಕಸ. ನಮ್ಮ ಬ್ಯಾಂಕಿನಲ್ಲೂ ಒಂದು ದಿನ ಮೇಲಿನ ಆಫೀಸಿನಿಂದ ಆನ್‌ಲೈನ್ ಮೀಟಿಂಗ್ ಇತ್ತು. ವಿಷಯ "ಸೀಮ್‌ಲೆಸ್ ಡಿಜಿಟಲ್ ಜರ್ನಿ". ಅದೇ ಬೆಳಗ್ಗೆ ಸರ್ವರ್ ಬಿದ್ದಿತ್ತು. ಅದು ಪಿಂಚಣಿ ಬರೋ ವಾರ. ಹಾಲ್ ತುಂಬ ಮುದುಕರು. ಒಬ್ಬ ಅಜ್ಜಿ ಕೌಂಟರ್ ಹತ್ತಿರ ಬಂದು ಮೇಲೆ ಫ್ಯಾನ್ ನೋಡಿ, "ಕರೆಂಟ್ ಇದೆಯಲ್ಲಪ್ಪ, ದುಡ್ಡು ಯಾಕಿಲ್ಲ?" ಅಂತ ಕೇಳಿದರು. ಇಡೀ ಮೀಟಿಂಗ್‌ನಲ್ಲಿ ಅಷ್ಟು ಒಳ್ಳೆ ಪ್ರಶ್ನೆ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೈಕ್ ಮ್ಯೂಟ್ ಮಾಡಿಕೊಂಡು ತಲೆ ಆಡಿಸಿದೆ. ವರ್ಷದ ಕೊನೆಗೆ ನನ್ನ ಅಪ್ರೈಸಲ್ ಫಾರಂನಲ್ಲಿ "ಕಸ್ಟಮರ್ ಡಿಲೈಟ್ ಹೆಚ್ಚಿಸಲು ಪ್ರೊಆಕ್ಟಿವ್ ಆಗಿ ಶ್ರಮಿಸಿದ್ದೇನೆ" ಅಂತ ನಾನೇ ಬರೆದೆ. ಯಾಕೆ ಬರೆದೆ? ಭಯ. "ಅಜ್ಜಿಯನ್ನ ಕೂರಿಸಿ ನೀರು ಕೊಟ್ಟೆ" ಅಂತ ಬರೆದರೆ ಮಾರ್ಕ್ಸ್ ಕೊಡ್ತಾರಾ? ಈ ಮಾತು ಹಬ್ಬೋದು ಹೀಗೇ. ಕೆಟ್ಟವರಿಂದ ಮಾತ್ರ ಅಲ್ಲ, ಹೆದರಿದವರಿಂದಲೂ.

ಹಾಗೇ ಕನ್ನಡದಲ್ಲಿ ಆಡಿದರೆ ಸರಿಹೋಗುತ್ತೆ ಅಂತಲೂ ತಿಳೀಬೇಡಿ. "ಸಮಗ್ರ ಹಾಗೂ ಸರ್ವತೋಮುಖ ಅಭಿವೃದ್ಧಿಯ ದಿಸೆಯಲ್ಲಿ ಅಗತ್ಯ ಕ್ರಮಗಳನ್ನು ಕೈಗೊಳ್ಳಲಾಗುವುದು." ಪ್ರತಿ ಸಭೆಯಲ್ಲೂ ಕೇಳಿದ್ದೀರಿ. ಯಾರು ಕೈಗೊಳ್ತಾರೆ? ಯಾವತ್ತು? ಎಷ್ಟು ದುಡ್ಡಲ್ಲಿ? ಬುರುಡೆ ಬಿಡೋಕೆ ಯಾವ ಭಾಷೆಯಾದರೂ ಆಗುತ್ತೆ.

ಈಗ ನಿಮಗೆ ನೇರವಾಗಿ ತಟ್ಟೋ ಒಂದು ಪದ. ಸಿಟಿಸಿ. ಕಾಸ್ಟ್ ಟು ಕಂಪನಿ. ಇದಕ್ಕೆ ಅರ್ಥ ಇದೆ, ಆದರೆ ಆ ಅರ್ಥ ನಿಮ್ಮ ಸಂಬಳ ಅಲ್ಲ. ನಿಮ್ಮಿಂದ ಕಂಪನಿಗೆ ಎಷ್ಟು ಖರ್ಚು ಅನ್ನೋದು. ಎರಡೂ ಒಂದೇ ಅಂತ ತಿಳಿದು, ಬೈಕ್ ಲೋನ್ ತಗೊಂಡು, ಆಮೇಲೆ ನನ್ನ ಕೌಂಟರ್ ಮುಂದೆ ಬಂದು ನಿಂತವರನ್ನ ನೋಡಿದ್ದೀನಿ. ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಇದು ಬರೀ ಉದಾಹರಣೆ.

ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 4,20,000. ತಿಂಗಳಿಗೆ 35,000 ಅಂತ ಮನೆಯವರಿಗೆ ಹೇಳಿಬಿಡ್ತೀರಿ. ಈಗ ಕಳೀತಾ ಬನ್ನಿ. ಬೇಸಿಕ್ ಅರ್ಧ ಅಂದ್ರೆ 2,10,000. ಅದರ ಶೇ. 12 ಕಂಪನಿ ಕಟ್ಟೋ ಪಿಎಫ್, 25,200. ಗ್ರಾಚುಯಿಟಿ ಬೇಸಿಕ್‌ನ ಶೇ. 4.81, ಸುಮಾರು 10,100. ಸಾಮಾನ್ಯವಾಗಿ ಐದು ವರ್ಷ ಇದ್ದರೆ ಕೈಗೆ ಬರೋದು ಇದು. ವಿಮೆ ಕಂತು 8,000 ಇಟ್ಟುಕೊಳ್ಳಿ. "ವೇರಿಯಬಲ್ ಪೇ" ಶೇ. 10, ಅಂದ್ರೆ 42,000. ಇದು ಬರಬಹುದು, ಬರದೇನೂ ಇರಬಹುದು, ಅದಕ್ಕೇ ವೇರಿಯಬಲ್. ಉಳಿದದ್ದು 3,34,700. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಇನ್ನೊಂದು 25,200, ವೃತ್ತಿ ತೆರಿಗೆ 2,400ರ ಸುಮಾರು. ಕೊನೆಗೆ ತಿಂಗಳಿಗೆ ಕೈಗೆ ಬರೋದು 25,600. ಮೂವತ್ತೈದಕ್ಕೂ ಇದಕ್ಕೂ 9,400 ರೂಪಾಯಿ ವ್ಯತ್ಯಾಸ. ಪಿಎಫ್ ನಿಮ್ಮದೇ ದುಡ್ಡು, ಮುಂದೆ ಬರುತ್ತೆ, ಸರಿ. ಆದರೆ ಈ ತಿಂಗಳ ಪಿಜಿ ಬಾಡಿಗೆ ಅದರಿಂದ ಕಟ್ಟೋಕಾಗಲ್ಲ. ಆದ್ದರಿಂದ ಕೇಳಿ: "ಇನ್-ಹ್ಯಾಂಡ್ ಎಷ್ಟು? ವೇರಿಯಬಲ್ ಯಾವಾಗ, ಯಾವ ಲೆಕ್ಕದಲ್ಲಿ ಕೊಡ್ತೀರಿ? ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು?" ಕೇಳೋದು ಅಹಂಕಾರ ಅಲ್ಲ. ಸಂತೆಯಲ್ಲಿ ಟೊಮೇಟೊ ಕೊಳ್ಳೋವಾಗ ಕೇಳಲ್ವಾ?

ಕೊನೆಗೆ ಮೂರು ಪರೀಕ್ಷೆ ಹೇಳಿ ಮುಗಿಸ್ತೀನಿ.

ಒಂದು, ಉಲ್ಟಾ ಮಾಡಿ ನೋಡಿ. "ನಾವು ಗ್ರಾಹಕರಿಗೆ ಮೌಲ್ಯ ಕೊಡೋ ಕಂಪನಿ" ಅಂದರೆ, "ನಾವು ಗ್ರಾಹಕರಿಗೆ ಮೌಲ್ಯ ಕೊಡದ ಕಂಪನಿ" ಅಂತ ಯಾರಾದರೂ ಹೇಳ್ತಾರಾ? ಉಲ್ಟಾ ಮಾತನ್ನ ಯಾರೂ ಹೇಳಲ್ಲ ಅಂದ್ರೆ, ನೇರ ಮಾತೂ ಏನನ್ನೂ ಹೇಳಿಲ್ಲ ಅಂತ ಅರ್ಥ.

ಎರಡು, ಯಾರು, ಏನು, ಯಾವಾಗ, ಎಷ್ಟು ಅಂತ ಕೇಳಿ. ನಾಲ್ಕರಲ್ಲಿ ಒಂದಕ್ಕೂ ಉತ್ತರ ಸಿಗದಿದ್ದರೆ ಅದು ಬರೀ ಟವೆಲ್.

ಮೂರನೇದು ನಮಗೇ ಇರೋ ಅನುಕೂಲ. ನಾವು ಗಡಿಯವರು. ಹಾಲಿನ ಅಂಗಡಿಯಲ್ಲಿ ಒಂದು ಭಾಷೆ, ತಾಲೂಕು ಆಫೀಸಿನಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು. ಚಿಕ್ಕಂದಿನಿಂದ ಅಪ್ಪ ಅಮ್ಮನಿಗೆ ಫಾರಂ ಓದಿ ಹೇಳಿದವರು ನಾವು. ತಮಿಳು ಚೀಟಿಯನ್ನ, ಇಂಗ್ಲಿಷ್ ನೋಟಿಸನ್ನ ಕನ್ನಡ ಮಾಡಿ ಹೇಳಿದ್ದೀವಿ. ಒಂದು ಮಾತನ್ನ ಇನ್ನೊಂದು ಭಾಷೆಗೆ ದಾಟಿಸೋದು ನಮಗೆ ದಿನದ ಕೆಲಸ. ಅರ್ಥ ಇರೋ ಮಾತು ಹೇಗಾದರೂ ದಾಟುತ್ತೆ. ಎನ್‌ಪಿಎ ದಾಟುತ್ತೆ, ಬಗ್ ದಾಟುತ್ತೆ, ಬಡ್ಡಿ ದಾಟುತ್ತೆ. "ಸಿನರ್ಜಿ ಲೆವರೇಜ್" ಅತ್ತಿಬೆಲೆ ಗೇಟ್‌ನಲ್ಲೇ ನಿಂತುಬಿಡುತ್ತೆ, ಯಾಕಂದ್ರೆ ಲಾರಿ ಖಾಲಿ. ಆದ್ದರಿಂದ ಯಾವುದಾದರೂ ವಾಕ್ಯ ಅರ್ಥ ಆಗದಿದ್ದರೆ ಅದನ್ನ ನಿಮ್ಮ ಅಜ್ಜಿಗೆ ಹೇಳೋ ಹಾಗೆ ಕನ್ನಡದಲ್ಲಿ ಹೇಳಿ ನೋಡಿ. ಹೇಳೋಕೆ ಆದರೆ, ನೀವು ಹೊಸದು ಕಲಿತ ಹಾಗೆ. ಎಷ್ಟು ಪ್ರಯತ್ನಪಟ್ಟರೂ ಆಗದಿದ್ದರೆ, ಮೊದಲು ಆ ವಾಕ್ಯವನ್ನ ಅನುಮಾನಿಸಿ. ನಿಮ್ಮನ್ನ ಆಮೇಲೆ.

ನಮ್ಮ ಚಿಕ್ಕಮ್ಮನ ಮಗನ ಕತೆ ಪೂರ್ತಿ ಹೇಳಬೇಕಲ್ಲ. ಮುಂದಿನ ಇಂಟರ್‌ವ್ಯೂನಲ್ಲೂ ಇಂಥದ್ದೇ ಪ್ರಶ್ನೆ ಬಂತಂತೆ. ಈ ಸಲ ಧೈರ್ಯ ಮಾಡಿ, "ಸರ್, ನನಗೆ ಅರ್ಥ ಆಗಲಿಲ್ಲ, ದಯವಿಟ್ಟು ಒಂದು ಉದಾಹರಣೆ ಕೊಡಿ" ಅಂದನಂತೆ. ಕೇಳಿದವರು ಒಂದು ಕ್ಷಣ ಸುಮ್ಮನಾಗಿ, ಪಕ್ಕದವರ ಮುಖ ನೋಡಿ, ಬೇರೆ ಪ್ರಶ್ನೆಗೆ ಹೋದರಂತೆ. ಆ ಕೆಲಸವೂ ಸಿಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೂರನೇ ಕಡೆ ಸಿಕ್ಕಿತು, ಸಣ್ಣ ಕಂಪನಿ, ಸಪೋರ್ಟ್ ಕೆಲಸ. ಸೇರೋ ಮೊದಲು ಇನ್-ಹ್ಯಾಂಡ್ ಎಷ್ಟು ಅಂತ ಕೇಳಿ, ಲೆಕ್ಕ ಹಾಕಿಕೊಂಡೇ ಸೇರಿದ್ದಾನೆ. ಆದರೆ ನನಗೆ ಖುಷಿ ಆಗಿದ್ದು ಆ ಎರಡನೇ ಸಂಜೆ. ಕೆಲಸ ಸಿಕ್ಕಿರಲಿಲ್ಲ, ಆದರೂ ನಗ್ತಾ ಬಂದಿದ್ದ. "ಅಣ್ಣ, ಅವರಿಗೂ ಗೊತ್ತಿರಲಿಲ್ಲ ಅಣ್ಣ!"

ಅಷ್ಟೇ. ಯಾರಾದರೂ ಇದಕ್ಕೆ "ಕೀ ಟೇಕ್‌ಅವೇ ಏನು?" ಅಂತ ಕೇಳಿದರೆ, ಹೊರಗೆ ಟೀ, ವಡೆ ಇದೆ, ಅದನ್ನ ತಗೊಂಡು ಹೋಗಿ.